ಅಪ್ಪನ ಫೋನಿನಲ್ಲಿ ವಾಟ್ಸಾಪ್ ಇದ್ದರೂ ನನ್ನ ಆ್ಯಪ್ ‘ಇಲ್ಲ’ ಅನ್ನುತ್ತದೆ, ಯಾಕೆ?

ಪ್ರಶ್ನೆ: ನಮ್ಮದು ಕೊಡಗಿನ ಸಿದ್ದಾಪುರದ ಹತ್ತಿರ ಕಾಫಿ ತೋಟ. ನಾನು ಕೆಲಸದ ಮೇಲೆ ಮೈಸೂರಿನಲ್ಲಿದ್ದೇನೆ. ತೋಟದ ಮನೆಯಲ್ಲಿ ಅಪ್ಪ, ಅಮ್ಮ ಇಬ್ಬರೇ. ಅಪ್ಪನಿಗೆ 72 ವರ್ಷ, ಕಣ್ಣು ಸ್ವಲ್ಪ ಮಂಜು. ಅವರಿಗೆ ಅಂತಲೇ ದೊಡ್ಡ ಬಟನ್‌ಗಳ ಒಂದು ಆ್ಯಪ್ ಮಾಡಿದೆ. ಒಂದು ಒತ್ತಿದರೆ ರೈಟರ್‌ಗೆ (ತೋಟದ ಲೆಕ್ಕ ನೋಡುವವರು) ಕರೆ, ಇನ್ನೊಂದಕ್ಕೆ ಹೊಳೆ ಬದಿಯ ಮೋಟರಿನ ಸ್ಟಾರ್ಟರ್‌ಗೆ ಎಸ್ಸೆಮ್ಮೆಸ್, ಮತ್ತೊಂದಕ್ಕೆ ವಾಟ್ಸಾಪ್ (ಆನೆ ಬಂದರೆ ತಿಳಿಸುವ ಊರಿನ ‘ಆನೆ ಗ್ರೂಪ್’ ಅದರಲ್ಲಿದೆ). ಮಳೆ ಮಾಪಕದ ಫೋಟೋ ತೆಗೆಯಲು ಕ್ಯಾಮೆರಾ, ರಾತ್ರಿಗೆ ಟಾರ್ಚ್, ತುರ್ತಿಗೆ 112, ಮೊಬೈಲ್ ಡೇಟಾ ಆನ್ ಮಾಡಲು ಒಂದು ಬಟನ್. ನನ್ನ ಹಳೆಯ ಆಂಡ್ರಾಯ್ಡ್ 9 ಫೋನಿನಲ್ಲಿ ಹೆಚ್ಚುಕಡಿಮೆ ಎಲ್ಲ ನಡೆಯಿತು. ಅಪ್ಪನ ಹೊಸ ಆಂಡ್ರಾಯ್ಡ್ 14 ಫೋನಿಗೆ ಹಾಕಿದರೆ, ವಾಟ್ಸಾಪ್ ಕಣ್ಣೆದುರೇ ಇದ್ದರೂ ‘ಇನ್‌ಸ್ಟಾಲ್ ಆಗಿಲ್ಲ’ ಅನ್ನುತ್ತದೆ. ಕ್ಯಾಮೆರಾ ಒತ್ತಿದರೆ ಆ್ಯಪೇ ಮುಚ್ಚಿಹೋಗುತ್ತದೆ. 112 ಒತ್ತಿದರೆ ನಂಬರ್ ಬಂದು ನಿಲ್ಲುತ್ತದೆ, ಕರೆ ಹೋಗುವುದಿಲ್ಲ. ಮೋಟರಿನ ಎಸ್ಸೆಮ್ಮೆಸ್ ಹೋಗುತ್ತದೆ, ಆದರೆ ಸ್ಟಾರ್ಟರ್ ಕೇಳುವುದಿಲ್ಲ. ಡೇಟಾ ಬಟನ್ ಎರಡೂ ಫೋನಿನಲ್ಲಿ ಸತ್ತಿದೆ. ಆನೆ ಮೆಸೇಜ್ ಬಂದ ಕೂಡಲೇ ಆ್ಯಪ್ ತಾನಾಗಿ ತೆರೆದು ಕೂಗಬೇಕು ಅಂತ ಆಸೆ, ಅದೂ ಆಗುತ್ತಿಲ್ಲ. ಫೋನ್ ರೂಟ್ ಮಾಡಿಸು (ಅಂದರೆ ಆಂಡ್ರಾಯ್ಡ್‌ನ ಒಳಬೀಗ ತೆಗೆಸು) ಅಂತ ಒಬ್ಬ ಗೆಳೆಯ, ಗೂಗಲ್‌ಗೆ ದುಡ್ಡು ಕಟ್ಟಿದರೆ ಪರ್ಮಿಷನ್ ಸಿಗುತ್ತದೆ ಅಂತ ಇನ್ನೊಬ್ಬ. ಪಕ್ಕದ ತೋಟದವರೂ ಈ ಆ್ಯಪ್ ಕೇಳುತ್ತಿದ್ದಾರೆ. ಪ್ಲೇ ಸ್ಟೋರ್‌ಗೆ ಹಾಕಬಹುದೇ?

ಉತ್ತರ: ನಿಮ್ಮ ಪತ್ರ ಓದಿದರೆ ಆ್ಯಪ್ ಪೂರ್ತಿ ಕೆಟ್ಟಿದೆ ಅನಿಸುತ್ತದೆ. ಹಾಗೇನೂ ಇಲ್ಲ. ಒಂದೊಂದು ಬಟನ್ನಿಗೂ ಬೇರೆ ಬೇರೆ ಕಾಯಿಲೆ. ಎಲ್ಲವೂ ಒಂದೇ ದಿನ ಕಾಣಿಸಿಕೊಂಡದ್ದರಿಂದ ಹೊಸ ಫೋನಿನ ಮೇಲೆ ಅನುಮಾನ ಬಂದಿದೆ, ಅಷ್ಟೆ. ನಿಮ್ಮ ಫೋನಿನಲ್ಲಿರುವುದು 2018ರ ಆಂಡ್ರಾಯ್ಡ್, ಅಪ್ಪನದರಲ್ಲಿ 2023ರದ್ದು. ಒಂದು ಆ್ಯಪ್ ಇನ್ನೊಂದನ್ನು ಎಬ್ಬಿಸುವ ವಿಷಯದಲ್ಲಿ ನಿಯಮಗಳು ಅತಿ ಹೆಚ್ಚು ಬಿಗಿಯಾದದ್ದು ಈ ಐದು ವರ್ಷದಲ್ಲೇ.

ಗೆಳೆಯರಿಬ್ಬರ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ. ರೂಟ್ ಮಾಡಿಸಬೇಡಿ. ನಿಮಗೆ ಬೇಕಾದ ಯಾವ ಕೆಲಸಕ್ಕೂ ಅದರ ಅಗತ್ಯವಿಲ್ಲ. ರೂಟ್ ಆದ ಫೋನಿನಲ್ಲಿ ಬ್ಯಾಂಕಿನ ಆ್ಯಪ್, ಯುಪಿಐ ಆ್ಯಪ್ ಎಷ್ಟೋ ಸಲ ತೆರೆಯುವುದೇ ಇಲ್ಲ. ಸಿಲಿಂಡರ್ ದುಡ್ಡು ಕಳಿಸಲು ಆಗದೆ ಅಪ್ಪ ಮೊದಲು ಬಯ್ಯುವುದು ನಿಮ್ಮನ್ನೇ. ಇನ್ನು ಗೂಗಲ್‌ಗೆ ದುಡ್ಡಿನ ಮಾತು. ಪ್ಲೇ ಸ್ಟೋರಿನಲ್ಲಿ ಡೆವಲಪರ್ ಖಾತೆ ತೆರೆಯಲು ಒಂದು ಸಲ 25 ಡಾಲರ್ ಕಟ್ಟಬೇಕು, ನಿಜ. ಅದು ಸಂತೆಯಲ್ಲಿ ಅಂಗಡಿ ಹಾಕುವ ಸುಂಕ. ಅದರಿಂದ ಒಂದೇ ಒಂದು ಪರ್ಮಿಷನ್ ಕೂಡ ಜಾಸ್ತಿ ಸಿಗುವುದಿಲ್ಲ.

ಈಗ ಒಳಗಿನ ವಿಷಯ. ‘ನನ್ನ ಆ್ಯಪ್ ವಾಟ್ಸಾಪ್ ತೆರೆಯುತ್ತದೆ’ ಅಂತ ನಾವು ಹೇಳುತ್ತೇವೆ. ನಿಜದಲ್ಲಿ ನಿಮ್ಮ ಆ್ಯಪ್ ಏನನ್ನೂ ತೆರೆಯುವುದಿಲ್ಲ. ಅದು ಒಂದು ಚೀಟಿ ಬರೆದು ಆಂಡ್ರಾಯ್ಡ್ ಕೈಗೆ ಕೊಡುತ್ತದೆ. ತೋಟದಲ್ಲಿ ಚೀಟಿ ಅಂದರೆ ನಿಮಗೆ ಗೊತ್ತಲ್ಲ? ಲೈನ್ ಮನೆಯ ಕಾರ್ಮಿಕರಿಗೆ ಸಾಮಾನು ಬೇಕಾದರೆ ರೈಟರ್ ಬರೆದು ಕೊಡುತ್ತಾರೆ, ಅಂಗಡಿಯವನು ನೋಡಿ ಅಳೆದು ಕೊಡುತ್ತಾನೆ. ಚೀಟಿ ತಂದವನು ಗೋದಾಮಿನ ಒಳಗೆ ಹೋಗುವ ಹಾಗಿಲ್ಲ. ಆಂಡ್ರಾಯ್ಡ್‌ನಲ್ಲಿ ಈ ಚೀಟಿಯ ಹೆಸರು ಇಂಟೆಂಟ್. ಅಂಗಡಿಯ ಹೆಸರು ಹಾಕಿಯೇ ಬರೆದರೆ ಎಕ್ಸ್‌ಪ್ಲಿಸಿಟ್ ಇಂಟೆಂಟ್. ‘ಈ ನಂಬರಿಗೆ ಫೋನ್ ಮಾಡಬೇಕು, ಯಾರು ಮಾಡುತ್ತೀರೋ ಮಾಡಿ’ ಅಂತ ಬರೆದರೆ ಇಂಪ್ಲಿಸಿಟ್ ಇಂಟೆಂಟ್. ನೀವು ಜಾವಾದಲ್ಲಿ ಬರೆಯಿರಿ, ಫ್ಲಟರ್‌ನಲ್ಲಿ ಬರೆಯಿರಿ, ಆ್ಯಪ್ ಇನ್ವೆಂಟರ್‌ನಲ್ಲಿ ಆಕ್ಟಿವಿಟಿ ಸ್ಟಾರ್ಟರ್ ಬ್ಲಾಕ್ ಎಳೆದು ಹಾಕಿ, ಕೆಳಗೆ ಹೋಗುವುದು ಇದೇ ಚೀಟಿ. ಸ್ವೀಕರಿಸುವುದು, ತಿರಸ್ಕರಿಸುವುದು, ‘ಸ್ವಲ್ಪ ನಿಲ್ಲು, ಮಾಲೀಕರನ್ನು ಕೇಳುತ್ತೇನೆ’ ಅನ್ನುವುದು ಎಲ್ಲ ಆಂಡ್ರಾಯ್ಡ್‌ಗೆ ಬಿಟ್ಟದ್ದು. ನಿಮ್ಮ ಒಂದೊಂದು ತೊಂದರೆಯಲ್ಲೂ ಈ ಮೂರರಲ್ಲಿ ಒಂದು ನಡೆದಿದೆ.

ವಾಟ್ಸಾಪ್ ಕತೆ ನೋಡಿ. ನೀವು ತೆರೆಯುವ ಮೊದಲು ‘ವಾಟ್ಸಾಪ್ ಇದೆಯಾ’ ಅಂತ ಪ್ಯಾಕೇಜ್ ಮ್ಯಾನೇಜರ್‌ನ (ಫೋನಿನ ಆ್ಯಪ್‌ಗಳ ಲೆಕ್ಕ ಇಡುವ ಆಂಡ್ರಾಯ್ಡ್‌ನ ಭಾಗ) ಕೇಳುತ್ತಿದ್ದೀರಿ, ಅಲ್ವಾ? 2020ರಲ್ಲಿ ಬಂದ ಆಂಡ್ರಾಯ್ಡ್ 11ರಿಂದ ಆ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಅದಕ್ಕೂ ಮೊದಲು ಯಾವ ಆ್ಯಪ್ ಬೇಕಾದರೂ ನಿಮ್ಮ ಫೋನಿನ ಅಷ್ಟೂ ಆ್ಯಪ್‌ಗಳ ಪಟ್ಟಿ ತೆಗೆದುಕೊಳ್ಳಬಹುದಿತ್ತು. ಯಾವ ಬ್ಯಾಂಕು, ಯಾವ ದೇವರ ಭಜನೆ, ಯಾವ ಕಾಯಿಲೆಯ ಆ್ಯಪ್, ಸಾಲ ಕೊಡುವ ಆ್ಯಪ್ ಎಷ್ಟಿವೆ ಎಂಬುದೆಲ್ಲ ಆ ಪಟ್ಟಿಯಿಂದ ತಿಳಿದುಹೋಗುತ್ತದೆ. ಹಾಗಾಗಿ ಈಗ ಹೊಸ ಆಂಡ್ರಾಯ್ಡ್ ಸುಳ್ಳು ಹೇಳುತ್ತದೆ, ಒಳ್ಳೆಯ ಕಾರಣಕ್ಕೆ: ನೀವು ಮೊದಲೇ ಹೆಸರು ಕೊಡದ ಆ್ಯಪ್ ಇದ್ದರೂ ‘ಇಲ್ಲ’ ಅನ್ನುತ್ತದೆ. ನಿಮ್ಮ ಹಳೆಯ ಫೋನಿಗೆ ಈ ನಿಯಮವೇ ಗೊತ್ತಿಲ್ಲ, ಅಲ್ಲಿ ಸರಿಹೋಯಿತು.

ಇದಕ್ಕೆ ಎರಡು ದಾರಿ. ಆ್ಯಪ್ ಬಗ್ಗೆ ಆಂಡ್ರಾಯ್ಡ್‌ಗೆ ವಿವರ ಕೊಡುವ ಮ್ಯಾನಿಫೆಸ್ಟ್ ಫೈಲಿನಲ್ಲಿ ಕ್ವೆರೀಸ್ ಎಂಬ ಟ್ಯಾಗ್ ಹಾಕಿ, ಒಳಗೆ ವಾಟ್ಸಾಪ್‌ನ ಪ್ಯಾಕೇಜ್ ಹೆಸರು (ಆಂಡ್ರಾಯ್ಡ್ ಆ ಆ್ಯಪನ್ನು ಗುರುತಿಸುವ ಹೆಸರು) ಬರೆಯಿರಿ. ವಾಟ್ಸಾಪ್ ಬಿಸಿನೆಸ್‌ಗೆ ಪ್ಯಾಕೇಜ್ ಹೆಸರು ಬೇರೆ. ಹೋಮ್‌ಸ್ಟೇ ನಡೆಸುವವರ ಫೋನಿನಲ್ಲಿ ಅದೇ ಇರುವುದು ಜಾಸ್ತಿ, ಪಕ್ಕದ ತೋಟದವರಿಗೂ ಕೊಡುವುದಾದರೆ ಎರಡನ್ನೂ ಸೇರಿಸಿ. ಎರಡನೇ ದಾರಿ ಇನ್ನೂ ಸರಳ: ಕೇಳಲೇಬೇಡಿ. ‘ಇದೆಯಾ’ ಅಂತ ಕೇಳದೆ ನೇರ ಚೀಟಿ ಕಳಿಸಿ. ತೆಗೆದುಕೊಳ್ಳುವವರು ಇಲ್ಲದಿದ್ದರೆ ‘ಆಕ್ಟಿವಿಟಿ ನಾಟ್ ಫೌಂಡ್’ ಎಂಬ ಎಕ್ಸೆಪ್ಷನ್ (ದೋಷದ ಸೂಚನೆ) ಬರುತ್ತದೆ, ಅದನ್ನು ಹಿಡಿದು ಅಪ್ಪನಿಗೆ ಕನ್ನಡದಲ್ಲಿ ಒಂದು ಸಾಲು ತೋರಿಸಿ. ಡಯಲರ್, ಮ್ಯಾಪ್, ವೆಬ್ ಲಿಂಕಿಗೆಲ್ಲ ನಾನು ಈ ಎರಡನೇ ದಾರಿಯನ್ನೇ ಹಿಡಿಯುತ್ತೇನೆ. ಆದರೆ ಪ್ಯಾಕೇಜ್ ಹೆಸರು ಕೊಟ್ಟು ಅದರ ‘ಲಾಂಚ್ ಇಂಟೆಂಟ್’ (ಆ ಆ್ಯಪ್ ತೆರೆಯುವ ಸಿದ್ಧ ಚೀಟಿ) ಕೇಳುತ್ತಿದ್ದರೆ ಕ್ವೆರೀಸ್ ಬೇಕೇ ಬೇಕು, ಇಲ್ಲದಿದ್ದರೆ ಕೈಗೆ ‘ನಲ್’, ಅಂದರೆ ಖಾಲಿ ಉತ್ತರ, ಬರುತ್ತದೆ. ‘ಕ್ವೆರಿ ಆಲ್ ಪ್ಯಾಕೇಜಸ್’ ಎಂಬ ಪರ್ಮಿಷನ್ ಹಾಕಿ ಎಲ್ಲವನ್ನೂ ಒಮ್ಮೆಗೇ ಸರಿಮಾಡಬಹುದು ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಅದನ್ನು ಹಾಕಿದರೆ ಪ್ಲೇ ಸ್ಟೋರ್ ಕಾರಣ ಕೇಳುತ್ತದೆ, ನಿಮ್ಮ ಹತ್ತಿರ ಹೇಳಲು ಕಾರಣ ಇಲ್ಲ.

ಒಂದು ಮಿತಿ ತಿಳಿದಿರಲಿ. ವಾಟ್ಸಾಪ್‌ನಲ್ಲಿ ಒಬ್ಬರ ನಂಬರಿಗೆ ಸಂದೇಶ ಬರೆದಿಟ್ಟು ಕಿಟಕಿ ತೆರೆಯಬಹುದು, ಕಳಿಸುವ ಬಾಣವನ್ನು ಮಾತ್ರ ಅಪ್ಪನೇ ಒತ್ತಬೇಕು. ಗ್ರೂಪಿಗೆ ನಂಬರ್ ಇಲ್ಲದ ಕಾರಣ ಅದನ್ನು ಹಾಗೆ ತೆರೆಯಲು ಬರುವುದಿಲ್ಲ. ಗ್ರೂಪಿನ ಇನ್ವೈಟ್ ಲಿಂಕನ್ನು ಆ್ಯಪ್‌ನಲ್ಲಿ ಇಡಲು ಹೋಗಬೇಡಿ. ಆ್ಯಪ್ ಯಾರ ಕೈಗೆ ಹೋದರೂ ಅವರು ಊರಿನ ಗ್ರೂಪಿಗೆ ಸೇರಬಹುದು. ಆನೆ ಗ್ರೂಪಿಗೆ ನನ್ನ ಸಲಹೆ ಕೋಡಿಲ್ಲದ ದಾರಿ. ವಾಟ್ಸಾಪ್‌ನಲ್ಲಿ ಆ ಗ್ರೂಪ್ ತೆರೆದು, ಮೇಲಿನ ಮೂರು ಚುಕ್ಕಿಯ ಮೆನುವಿನಲ್ಲಿ ‘ಆ್ಯಡ್ ಶಾರ್ಟ್‌ಕಟ್’ ಒತ್ತಿ. ಗ್ರೂಪೇ ಹೋಮ್ ಸ್ಕ್ರೀನಿನ ಮೇಲೆ ಬಂದು ಕೂರುತ್ತದೆ.

ಕ್ಯಾಮೆರಾದ ತೊಂದರೆ ಓದಿ ನನಗೆ ಸ್ವಲ್ಪ ನಗು ಬಂತು, ನಾನೂ ಇದೇ ಗುಂಡಿಗೆ ಬಿದ್ದವನು. ಫೋನಿನ ಕ್ಯಾಮೆರಾ ಆ್ಯಪಿಗೆ ಚೀಟಿ ಕೊಟ್ಟು ಫೋಟೋ ತರಿಸಲು ಯಾವ ಪರ್ಮಿಷನ್ನೂ ಬೇಡ. ಆದರೆ ನಿಮ್ಮ ಮ್ಯಾನಿಫೆಸ್ಟ್‌ನಲ್ಲಿ ‘ಕ್ಯಾಮೆರಾ ಪರ್ಮಿಷನ್ ಬೇಕು’ ಅಂತ ಬರೆದುಕೊಂಡು, ಬಳಸುವವರು ಅದನ್ನು ಇನ್ನೂ ಕೊಟ್ಟಿಲ್ಲದಿದ್ದರೆ, ಆಂಡ್ರಾಯ್ಡ್ ಆ ಚೀಟಿಯನ್ನೂ ತಡೆಯುತ್ತದೆ. ಸೆಕ್ಯುರಿಟಿ ಎಕ್ಸೆಪ್ಷನ್ ಬರುತ್ತದೆ, ಆ್ಯಪ್ ಮುಚ್ಚುತ್ತದೆ. ಕೇಳದೇ ಇದ್ದವನಿಗೆ ಸಿಗುತ್ತದೆ, ಕೇಳಿ ಪಡೆಯದವನಿಗೆ ಸಿಗುವುದಿಲ್ಲ! ನೀವು ಆ ಸಾಲನ್ನು ಯಾಕೆ ಹಾಕಿದ್ದೀರಿ ಅಂತ ಊಹಿಸಬಲ್ಲೆ: ಟಾರ್ಚ್ ಬಟನ್ನಿಗೆ. ಹಳೆಯ ಪಾಠಗಳಲ್ಲಿ ಟಾರ್ಚಿಗೆ ಕ್ಯಾಮೆರಾ ಪರ್ಮಿಷನ್ ಬೇಕು ಅಂತ ಇರುತ್ತದೆ. ನಿಮ್ಮ ಫೋನಿನಲ್ಲಿ ಮೊದಲ ದಿನ ಟಾರ್ಚ್ ಪರೀಕ್ಷಿಸುವಾಗ ‘ಅಲೋ’ ಒತ್ತಿ ಮರೆತಿರುತ್ತೀರಿ, ಹಾಗಾಗಿ ಅಲ್ಲಿ ನಡೆಯಿತು. ಆಂಡ್ರಾಯ್ಡ್ 6ರಿಂದ ಕ್ಯಾಮೆರಾ ಮ್ಯಾನೇಜರ್‌ನಲ್ಲಿ ‘ಸೆಟ್ ಟಾರ್ಚ್ ಮೋಡ್’ ಇದೆ, ಅದಕ್ಕೆ ಪರ್ಮಿಷನ್ ಬೇಕಿಲ್ಲ. ಟಾರ್ಚಿಗೆ ಅದನ್ನು ಬಳಸಿ, ಮ್ಯಾನಿಫೆಸ್ಟ್‌ನಿಂದ ಆ ಒಂದು ಸಾಲು ಅಳಿಸಿ. ಎರಡೂ ಬಟನ್ ಸರಿಯಾಗುತ್ತವೆ.

ಕ್ಯಾಮೆರಾದಲ್ಲಿ ಇನ್ನೊಂದು ಮುಳ್ಳಿದೆ, ನೀವಿನ್ನೂ ತುಳಿದಿಲ್ಲ. ಕಡಿಮೆ ರ್‍ಯಾಮ್ ಇರುವ ಫೋನಿನಲ್ಲಿ ಕ್ಯಾಮೆರಾ ತೆರೆದ ಕೂಡಲೇ ಜಾಗ ಸಾಲದೆ ಆಂಡ್ರಾಯ್ಡ್ ಹಿಂದಿದ್ದ ನಿಮ್ಮ ಆ್ಯಪನ್ನು ಕೊಂದುಹಾಕಬಹುದು. ಅಪ್ಪ ಫೋಟೋ ತೆಗೆದು ಸರಿ ಅಂತ ಒತ್ತಿದಾಗ ಆ್ಯಪ್ ಹೊಸದಾಗಿ ಹುಟ್ಟುತ್ತದೆ, ಫೋಟೋ ಎಲ್ಲಿಡಲು ಹೇಳಿದ್ದೆ ಅನ್ನುವುದೇ ಅದಕ್ಕೆ ನೆನಪಿರುವುದಿಲ್ಲ. ಕ್ಯಾಮೆರಾ ತೆರೆಯುವ ಮೊದಲೇ ಆ ಫೈಲಿನ ವಿಳಾಸವನ್ನು, ಆಂಡ್ರಾಯ್ಡ್ ಆ್ಯಪನ್ನು ಕೊಂದರೂ ಉಳಿಯುವ ‘ಸೇವ್ ಇನ್‌ಸ್ಟೆನ್ಸ್ ಸ್ಟೇಟ್’ನಲ್ಲಿ ಬರೆದಿಡಿ. ಕ್ಯಾಮೆರಾಗೆ ಆ ವಿಳಾಸ ಕೊಡಲು, ಬೇರೆ ಆ್ಯಪ್‌ಗೆ ಒಂದು ಫೈಲನ್ನು ಮಾತ್ರ ತೆರೆದುಕೊಡುವ ಫೈಲ್ ಪ್ರೊವೈಡರ್ ಬಳಸಿ. ನೇರ ಫೈಲಿನ ದಾರಿ ಕೊಟ್ಟರೆ ಆಂಡ್ರಾಯ್ಡ್ 7ರಿಂದ ಈಚೆಗೆ ಅದೂ ಕ್ರ್ಯಾಶ್. ಅಂದ ಹಾಗೆ, ಅಪ್ಪ ಮಳೆಯನ್ನು ಡೈರಿಯಲ್ಲಿ ಇಂಚು, ಸೆಂಟಿನಲ್ಲಿ (ಇಂಚಿನ ನೂರರಲ್ಲೊಂದು ಪಾಲು) ಬರೆಯುವವರೇ ಇರಬೇಕು. ಆ ಡೈರಿ ನಿಲ್ಲಿಸಲು ಬಿಡಬೇಡಿ. ಫೋಟೋ ಕಳೆದುಹೋಗುತ್ತದೆ, ಡೈರಿ ಹೋಗುವುದಿಲ್ಲ.

ಕರೆಯ ವಿಷಯಕ್ಕೆ ಬರೋಣ. ಕರೆಗೆ ಎರಡು ಚೀಟಿ ಇವೆ. ‘ಆಕ್ಷನ್ ಡಯಲ್’ ನಂಬರನ್ನು ಡಯಲರಿನಲ್ಲಿ ತಂದು ನಿಲ್ಲಿಸುತ್ತದೆ, ಹಸಿರು ಗುಂಡಿ ಅಪ್ಪ ಒತ್ತಬೇಕು. ಇದಕ್ಕೆ ಪರ್ಮಿಷನ್ ಬೇಡ. ‘ಆಕ್ಷನ್ ಕಾಲ್’ ನೇರ ಕರೆ ಮಾಡುತ್ತದೆ. ಇದಕ್ಕೆ ‘ಕಾಲ್ ಫೋನ್’ ಪರ್ಮಿಷನ್ ಬೇಕು, ಮತ್ತು ಆಂಡ್ರಾಯ್ಡ್ 6ರಿಂದ ಅದನ್ನು ಆ್ಯಪ್ ಓಡುವ ಹೊತ್ತಿನಲ್ಲೇ ಬಳಸುವವರನ್ನು ಕೇಳಬೇಕು. ಕಣ್ಣು ಮಂಜಾದವರಿಗೆ ಎರಡು ಸಲ ಒತ್ತುವುದು ಕಷ್ಟ. ರೈಟರ್‌ಗೆ, ನಿಮಗೆ, ಡಾಕ್ಟರಿಗೆ ನೇರ ಕರೆಯೇ ಇರಲಿ. ತಪ್ಪಿ ಒತ್ತಿ ಎರಡು ಕರೆ ಹೋದರೆ ಏನೂ ಮುಳುಗಿಹೋಗುವುದಿಲ್ಲ. ಬೇಕಾದರೆ ಒಂದು ಸೆಕೆಂಡು ಒತ್ತಿ ಹಿಡಿದರೆ ಮಾತ್ರ ಹೋಗುವ ಹಾಗೆ ಮಾಡಿ.

112 ಮಾತ್ರ ಬೇರೆ. ಅದು ನಿಮ್ಮ ತಪ್ಪಲ್ಲ. ನಮ್ಮ ನಿಮ್ಮಂಥವರ ಆ್ಯಪ್‌ಗಳು ತುರ್ತು ನಂಬರಿಗೆ ನೇರ ಕರೆ ಮಾಡುವುದನ್ನು ಆಂಡ್ರಾಯ್ಡ್ ಬಿಡುವುದಿಲ್ಲ. ನೀವು ಆಕ್ಷನ್ ಕಾಲ್ ಕೊಟ್ಟರೂ ಅದು ಡಯಲರ್ ತೆರೆದು ನಿಲ್ಲುತ್ತದೆ, ಹಸಿರು ಗುಂಡಿಯನ್ನು ಮನುಷ್ಯನೇ ಒತ್ತಬೇಕು. ಯಾವುದೋ ಆ್ಯಪ್ ಹಾಳಾಗಿ ಸಾವಿರಾರು ಫೋನುಗಳಿಂದ 112ಕ್ಕೆ ಕರೆ ಹೋದರೆ ನಿಜವಾಗಿ ಕಷ್ಟದಲ್ಲಿರುವವರ ಕರೆ ಎತ್ತುವವರು ಯಾರು? ಹಾಗಾಗಿ ಆ ಬಟನ್ನನ್ನು ಡಯಲ್‌ಗೆ ಬದಲಿಸಿ, ‘ಈಗ ಹಸಿರು ಗುಂಡಿ ಒತ್ತಿ’ ಅಂತ ದೊಡ್ಡದಾಗಿ ಬರೆಯಿರಿ. ಜೊತೆಗೆ ಅಪ್ಪನ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಎಮರ್ಜೆನ್ಸಿ ಎಸ್‌ಒಎಸ್ ಇದೆಯಾ ನೋಡಿ. ಆಂಡ್ರಾಯ್ಡ್ 12ರಿಂದ ಈ ಸೌಲಭ್ಯ ಬಂದಿದೆ, ಪವರ್ ಬಟನ್ ಐದು ಸಲ ಒತ್ತಿದರೆ ಕೆಲಸ ಶುರು. ಕತ್ತಲಲ್ಲಿ, ಮಳೆಯಲ್ಲಿ ನೆನೆದ ಬೆರಳಿಗೆ ಪರದೆ ಮೇಲಿನ ಬಟನ್‌ಗಿಂತ ಪಕ್ಕದ ಗುಂಡಿಯೇ ವಾಸಿ. ಇನ್ನೊಂದು ಸಂಗತಿ: ನಮ್ಮ ಕಂಪನಿಯ ಸಿಗ್ನಲ್ ಹೋಗಿದ್ದರೂ ಬೇರೆ ಕಂಪನಿಯ ಟವರ್ ಸಿಗುತ್ತಿದ್ದರೆ ಫೋನ್ ಅದರ ಮೂಲಕ 112ಕ್ಕೆ ಪ್ರಯತ್ನಿಸುತ್ತದೆ. ಪರದೆ ಮೇಲೆ ‘ಎಮರ್ಜೆನ್ಸಿ ಕಾಲ್ಸ್ ಓನ್ಲಿ’ ಅಂತ ಬರುವುದು ಅದಕ್ಕೇ. ಅದನ್ನು ನೋಡಿ ಫೋನ್ ಸತ್ತಿದೆ ಅಂದುಕೊಂಡು ಪಕ್ಕಕ್ಕಿಡುವವರು ತುಂಬ ಜನ, ಅಪ್ಪನಿಗೆ ಹೇಳಿಡಿ.

ಈಗ ಮೋಟರ್. ಎಲ್ಲಕ್ಕಿಂತ ಜಾಸ್ತಿ ಹೇಳಬೇಕಾದದ್ದು ಇದರ ಬಗ್ಗೆ.

ಎಸ್ಸೆಮ್ಮೆಸ್ ಹೋಗಿದೆ, ಸ್ಟಾರ್ಟರ್ ಕೇಳಲಿಲ್ಲ ಅಂದರೆ ಮೊದಲು ನೋಡಬೇಕಾದದ್ದು ಯಾವ ಸಿಮ್‌ನಿಂದ ಹೋಯಿತು ಅಂತ. ಕೊಡಗಿನಲ್ಲಿ ಎರಡು ಸಿಮ್ ಇಲ್ಲದ ಫೋನ್ ಕಡಿಮೆ. ಮಳೆಗಾಲದಲ್ಲಿ ಒಂದು ಟವರ್ ಕರೆಂಟಿಲ್ಲದೆ ಮಲಗಿದರೆ ಇನ್ನೊಂದಾದರೂ ಇರಲಿ ಅಂತ. ಸಾಮಾನ್ಯವಾಗಿ ಸಿಮ್ ಹಾಕಿದ ಈ ಜಿಎಸ್‌ಎಂ ಸ್ಟಾರ್ಟರ್‌ಗಳು ತಮ್ಮಲ್ಲಿ ನೋಂದಾಯಿಸಿದ ನಂಬರಿನ ಮಾತನ್ನು ಮಾತ್ರ ಕೇಳುತ್ತವೆ. ಹೊಸ ಫೋನಿನಲ್ಲಿ ಎಸ್ಸೆಮ್ಮೆಸ್‌ಗೆ ಡೀಫಾಲ್ಟ್ ಆಗಿ ಎರಡನೇ ಸಿಮ್ ಆಯ್ಕೆಯಾಗಿರಬಹುದು. ಸ್ಟಾರ್ಟರ್‌ಗೆ ಅದು ಯಾರೋ ಅಪರಿಚಿತರ ಮೆಸೇಜ್. ಸೆಟ್ಟಿಂಗ್ಸ್‌ನಲ್ಲಿ ಡೀಫಾಲ್ಟ್ ಸಿಮ್ ಬದಲಿಸಿ ನೋಡಿ. ಎರಡು ಸಿಮ್‌ನ ನಂಬರನ್ನೂ ಸ್ಟಾರ್ಟರ್‌ನಲ್ಲಿ ನೋಂದಾಯಿಸಿದರೆ ಇನ್ನೂ ಒಳ್ಳೆಯದು. ಕೋಡಿನಲ್ಲೇ ಸಿಮ್ ಆರಿಸಬಹುದು, ಸಬ್‌ಸ್ಕ್ರಿಪ್ಷನ್ ಐಡಿ (ಒಂದೊಂದು ಸಿಮ್‌ಗೂ ಫೋನ್ ಕೊಡುವ ಗುರುತಿನ ಸಂಖ್ಯೆ) ಕೊಟ್ಟು ಎಸ್ಸೆಮ್ಮೆಸ್ ಮ್ಯಾನೇಜರ್ ತೆಗೆದುಕೊಳ್ಳಬೇಕು. ಆದರೆ ಅಪ್ಪ ಸಿಮ್ ಅದಲುಬದಲು ಮಾಡಿ ಹಾಕಿದ ದಿನ ಅದೂ ಕೆಡುತ್ತದೆ.

ಇದಕ್ಕಿಂತ ದೊಡ್ಡ ಅಪಾಯ ಒಂದಿದೆ. ಕೆಲವು ವರ್ಷದ ಹಿಂದೆ ಪರಿಚಯದ ಬೆಳೆಗಾರರೊಬ್ಬರಿಗೆ ನಾನೂ ಇಂಥದ್ದೇ ಬಟನ್ ಮಾಡಿಕೊಟ್ಟಿದ್ದೆ. ಒತ್ತಿದರೆ ನೇರ ಎಸ್ಸೆಮ್ಮೆಸ್, ಕಿಟಕಿ ಗಿಟಕಿ ಏನೂ ಇಲ್ಲ. ಆ ಸ್ಟಾರ್ಟರ್‌ಗೆ ಆನ್‌ಗೂ ಆಫ್‌ಗೂ ಒಂದೇ ಸಂದೇಶ, ಓಡುತ್ತಿದ್ದರೆ ನಿಲ್ಲುತ್ತದೆ, ನಿಂತಿದ್ದರೆ ಓಡುತ್ತದೆ. ಮಾರ್ಚ್ ತಿಂಗಳು, ಕಾಫಿ ಹೂ ಅರಳಿಸುವ ಹೂ ಮಳೆ ಬಂದಿಲ್ಲ, ಸ್ಪ್ರಿಂಕ್ಲರ್ ಹಾಕುವ ಅವಸರ. ಹೊಳೆ ಬದಿಯ ಟವರ್ ಹೋಗಿತ್ತು. ಅವರು ಒತ್ತಿದರು, ಮೋಟರ್ ಓಡಲಿಲ್ಲ. ಮತ್ತೆ ಒತ್ತಿದರು. ಹೀಗೆ ಐದು ಸಲ. ಆಮೇಲೆ ಬೇಸರವಾಗಿ ಊಟ ಮಾಡಿ ಮಲಗಿದರು. ಟವರ್ ಬಂದದ್ದು ರಾತ್ರಿ ಹನ್ನೊಂದಕ್ಕೆ. ಐದೂ ಸಂದೇಶ ಸಾಲಾಗಿ ಬಂದು ಬಿದ್ದವು. ಆನ್, ಆಫ್, ಆನ್, ಆಫ್, ಆನ್. ಬೆಳಗಿನವರೆಗೆ ಒಂದೇ ಬ್ಲಾಕಿಗೆ ನೀರು ಹಾರಿತು. ಮೋಟರ್ ಸುಟ್ಟುಹೋಗದೆ ಉಳಿದದ್ದು ಪುಣ್ಯ. ಬೈಗುಳ ತಿಂದದ್ದು ನಾನು, ತಿನ್ನಬೇಕಾದವನೂ ನಾನೇ.

ಕಾರಣ ಸರಳ. ಎಸ್ಸೆಮ್ಮೆಸ್ ಎಂಬುದು ಅಂಚೆ ಇದ್ದ ಹಾಗೆ. ಆ ಕಡೆಯವರು ಸಿಗದಿದ್ದರೆ ಕಂಪನಿಯ ಸರ್ವರ್ ಅದನ್ನು ಇಟ್ಟುಕೊಂಡು, ಸಿಕ್ಕಾಗ ತಲುಪಿಸುತ್ತದೆ. ನಿಮ್ಮ ಆ್ಯಪ್‌ಗೆ ‘ಹೋಯಿತು’ ಅಂತ ಬರುವ ಉತ್ತರದ ಅರ್ಥ ನಿಮ್ಮ ಕಡೆಯ ಟವರಿನವರು ತೆಗೆದುಕೊಂಡರು ಅಂತ ಮಾತ್ರ. ಮೋಟರ್ ಓಡಿತು ಅಂತ ಅಲ್ಲ.

ಹಾಗಾದರೆ ಏನು ಮಾಡುವುದು? ಆನ್‌ಗೆ ಒಂದು, ಆಫ್‌ಗೆ ಬೇರೊಂದು ಸಂದೇಶ ಇರುವ ಸ್ಟಾರ್ಟರ್ ಆದರೆ ಅರ್ಧ ಗೆದ್ದಿರಿ. ಐದು ‘ಆನ್’ ಬಂದರೂ ಒಂದೇ ಆನ್. ಒಂದು ಸಲ ಒತ್ತಿದ ಮೇಲೆ ಬಟನ್ ಬೂದು ಬಣ್ಣಕ್ಕೆ ತಿರುಗಿ ಹತ್ತು ನಿಮಿಷ ಸುಮ್ನೆ ಕೂರಲಿ. ಇನ್ನು ಚೀಟಿಯ ದಾರಿ: ‘ಆಕ್ಷನ್ ಸೆಂಡ್ ಟು’ ಬಳಸಿದರೆ ಮೆಸೇಜ್ ಆ್ಯಪ್ ತೆರೆದು, ನಂಬರ್ ಮತ್ತು ಸಂದೇಶ ಎರಡೂ ತುಂಬಿ ನಿಲ್ಲುತ್ತದೆ. ಅಪ್ಪ ಕಳಿಸುವ ಬಾಣ ಒತ್ತುತ್ತಾರೆ. ಒಂದು ಒತ್ತು ಜಾಸ್ತಿ, ನಿಜ. ಆದರೆ ಹಿಂದೆ ಕಳಿಸಿದ್ದು, ಸ್ಟಾರ್ಟರ್ ಕೊಟ್ಟ ಉತ್ತರ ಎಲ್ಲ ಅದೇ ಪರದೆಯಲ್ಲಿ ಕಣ್ಣಿಗೆ ಬೀಳುತ್ತದೆ. ಮೋಟರಿನ ವಿಷಯದಲ್ಲಿ ಆ ಒಂದು ಒತ್ತು ಇರಲಿ ಅನ್ನುವವನು ನಾನು. ಮಿಸ್ಡ್ ಕಾಲ್‌ಗೆ ಓಡುವ ಸ್ಟಾರ್ಟರ್ ಆದರೆ ಈ ಅಂಚೆಯ ತೊಂದರೆಯೇ ಇಲ್ಲ. ಟವರ್ ಇಲ್ಲದಿದ್ದರೆ ಕರೆ ಅಲ್ಲೇ ಸತ್ತುಹೋಗುತ್ತದೆ, ರಾತ್ರಿ ಎದ್ದು ಬರುವುದಿಲ್ಲ. ನಂಬರಿನಲ್ಲಿ ಹ್ಯಾಶ್ ಚಿಹ್ನೆ ಇದ್ದರೆ ಅದನ್ನು ಎನ್‌ಕೋಡ್ ಮಾಡಿ (ಸಂಕೇತಕ್ಕೆ ಬದಲಿಸಿ), ಇಲ್ಲದಿದ್ದರೆ ಅಲ್ಲಿಂದ ಮುಂದಿನದು ಕತ್ತರಿಸಿ ಹೋಗುತ್ತದೆ.

ಇದೇ ಜಾಗದಲ್ಲಿ ಒಂದು ಸಣ್ಣ ಮಾತು. ರೈಟರ್‌ಗೆ ಕನ್ನಡದಲ್ಲಿ ಎಸ್ಸೆಮ್ಮೆಸ್ ಕಳಿಸುವ ಬಟನ್ನನ್ನೂ ಮುಂದೆ ಸೇರಿಸಬಹುದು ನೀವು. ಇಂಗ್ಲಿಷಿನಲ್ಲಿ ಒಂದು ಎಸ್ಸೆಮ್ಮೆಸ್‌ಗೆ 160 ಅಕ್ಷರ, ಕನ್ನಡದಲ್ಲಿ 70 ಮಾತ್ರ. ಅದರಲ್ಲೂ ನಮ್ಮ ಲೆಕ್ಕ ಬೇರೆ, ಫೋನಿನ ಲೆಕ್ಕ ಬೇರೆ. ‘ಕ್ಷ’ ನಮಗೆ ಒಂದು ಅಕ್ಷರ, ಅದಕ್ಕೆ ಮೂರು. ಉದ್ದವಾದರೆ ತುಂಡು ಮಾಡಿ ಕಳಿಸುವ ‘ಮಲ್ಟಿಪಾರ್ಟ್’ ವಿಧಾನ ಬಳಸಬೇಕು.

ಡೇಟಾ ಬಟನ್ ತೆಗೆದುಬಿಡಿ. ಮೊಬೈಲ್ ಡೇಟಾವನ್ನು ಆ್ಯಪ್ ಆನ್ ಮಾಡುವ ಬಾಗಿಲು ಆಂಡ್ರಾಯ್ಡ್ 5ರಲ್ಲೇ ಮುಚ್ಚಿದೆ. ಏರೋಪ್ಲೇನ್ ಮೋಡ್ ಅದಕ್ಕಿಂತ ಮೊದಲೇ, ವೈಫೈ ಆಂಡ್ರಾಯ್ಡ್ 10ರಲ್ಲಿ. ಬದಲಿಗೆ ‘ಸೆಟ್ಟಿಂಗ್ಸ್ ಪ್ಯಾನೆಲ್’ ಎಂಬ ಚೀಟಿ ಇದೆ. ಒತ್ತಿದರೆ ಕೆಳಗಿನಿಂದ ಇಂಟರ್ನೆಟ್ಟಿನ ಸಣ್ಣ ಫಲಕ ಮೇಲೆ ಬರುತ್ತದೆ, ಅಪ್ಪ ಅಲ್ಲೇ ಆನ್ ಮಾಡಬಹುದು. ನನ್ನನ್ನು ಕೇಳಿದರೆ ಡೇಟಾ ಯಾವಾಗಲೂ ಆನ್ ಇಟ್ಟುಬಿಡಿ. ಬಟನ್ನೇ ಬೇಡ.

ಆನೆ ಸೈರನ್ ಬಗ್ಗೆ ನಿಮ್ಮ ಆಸೆ ನನಗೆ ಅರ್ಥವಾಗುತ್ತದೆ. ಆ ಕಡೆಯ ತೋಟಗಳಲ್ಲಿ ಸಂಜೆ ಮೇಲೆ ಹೊರಗೆ ಕಾಲಿಡುವ ಮೊದಲು ಎಲ್ಲರೂ ಗ್ರೂಪ್ ನೋಡುತ್ತಾರೆ. ಆದರೆ ಹಿಂದೆ ಮಲಗಿರುವ ಆ್ಯಪ್ ತಾನಾಗಿ ಎದ್ದು ಪರದೆ ತುಂಬುವುದನ್ನು ಆಂಡ್ರಾಯ್ಡ್ 10 ನಿಲ್ಲಿಸಿದೆ. ಕ್ರ್ಯಾಶ್ ಕೂಡ ಆಗುವುದಿಲ್ಲ, ಚೀಟಿ ಸುಮ್ಮನೆ ಕಸಕ್ಕೆ ಹೋಗುತ್ತದೆ. ಕೆಲವು ಕಂಪನಿಗಳ ಫೋನಿನಲ್ಲಿ ಇದರ ಮೇಲೆ ಅವರದ್ದೇ ಇನ್ನೊಂದು ಬೇಲಿ, ಬ್ಯಾಟರಿ ಉಳಿಸಲು ಆ್ಯಪನ್ನೇ ಮಲಗಿಸುತ್ತವೆ. ಅನುಮತಿ ಇರುವ ದಾರಿ ನೋಟಿಫಿಕೇಷನ್. ‘ಹೈ’ ಮಟ್ಟದ ಚಾನೆಲ್ (ನೋಟಿಫಿಕೇಷನ್‌ಗಳ ಒಂದು ವರ್ಗ) ಮಾಡಿ ಅದಕ್ಕೆ ಅಲಾರಂನ ಧ್ವನಿ ಕೊಡಬಹುದು. ಪರದೆ ತುಂಬ ಬರುವ ಫುಲ್ ಸ್ಕ್ರೀನ್ ನೋಟಿಫಿಕೇಷನ್ ಆಂಡ್ರಾಯ್ಡ್ 14ರಿಂದ ಕರೆ ಮತ್ತು ಅಲಾರಂ ಆ್ಯಪ್‌ಗಳಿಗೆ ಮೀಸಲು. ಉಳಿದವರಿಗೆ ಬಳಸುವವರೇ ಸೆಟ್ಟಿಂಗ್ಸ್‌ಗೆ ಹೋಗಿ ಒಪ್ಪಿಗೆ ಕೊಡಬೇಕು.

ಅದಕ್ಕೂ ಮೊದಲು ಮೆಸೇಜ್ ಬಂತು ಅಂತ ನಿಮ್ಮ ಆ್ಯಪ್‌ಗೆ ಗೊತ್ತಾಗುವುದು ಹೇಗೆ? ವಾಟ್ಸಾಪ್ ಸಂದೇಶವಾದರೆ ನೋಟಿಫಿಕೇಷನ್‌ಗಳನ್ನು ಓದುವ ಅನುಮತಿ ಬೇಕು. ಅದು ಆನೆ ಮೆಸೇಜ್ ಮಾತ್ರ ಓದುವುದಿಲ್ಲ, ಪರದೆ ಮೇಲೆ ಬರುವ ಬ್ಯಾಂಕಿನ ಒಟಿಪಿಯನ್ನೂ ಓದಬಲ್ಲದು. ನೀವು ಮಗಳಾಗಿ ಅಪ್ಪನ ಫೋನಿಗೆ ಮಾಡಿದರೆ ತಪ್ಪಲ್ಲ. ಪಕ್ಕದ ತೋಟದವರ ಫೋನಿಗೆ ಹಾಕಿ, ಅವರ ಖಾತೆಯಿಂದ ಯಾವತ್ತೋ ದುಡ್ಡು ಹೋದರೆ ಮೊದಲ ಅನುಮಾನ ನಿಮ್ಮ ಮೇಲೆ. ಇಲ್ಲಿಯೂ ಕೋಡಿಲ್ಲದ ದಾರಿಯೇ ನನಗೆ ಇಷ್ಟ. ವಾಟ್ಸಾಪ್‌ನಲ್ಲಿ ಆ ಒಂದು ಗ್ರೂಪಿಗೆ ಬೇರೆ ನೋಟಿಫಿಕೇಷನ್ ಸದ್ದು ಇಡಬಹುದು, ಉದ್ದದ, ಕರ್ಕಶವಾದ ಒಂದನ್ನು ಆರಿಸಿ. ಆಮೇಲೆ ಗ್ರೂಪ್ ಅಡ್ಮಿನ್‌ಗೆ ಹೇಳಿ, ಸಂದೇಶ ಕಳಿಸುವುದನ್ನು ಅಡ್ಮಿನ್‌ಗಳಿಗೆ ಸೀಮಿತ ಮಾಡಿಸಿ. ಇಲ್ಲದಿದ್ದರೆ ಬೆಳಗ್ಗೆ ಆರಕ್ಕೆ ಗುಡ್ ಮಾರ್ನಿಂಗ್ ಹೂವಿನ ಚಿತ್ರಕ್ಕೂ ಸೈರನ್ ಕೂಗುತ್ತದೆ, ನಾಲ್ಕನೇ ದಿನ ಅಪ್ಪ ಸದ್ದನ್ನೇ ಆಫ್ ಮಾಡುತ್ತಾರೆ. ಡೇಟಾ ಇಲ್ಲದಾಗ ವಾಟ್ಸಾಪ್ ಸಂದೇಶ ಗಂಟೆಗಟ್ಟಲೆ ತಡವಾಗಿ ಬರಬಹುದು ಅನ್ನುವುದೂ ಅವರಿಗೆ ಗೊತ್ತಿರಲಿ. ಮೆಸೇಜ್ ಬಂದಿಲ್ಲ ಅಂದರೆ ಆನೆ ಬಂದಿಲ್ಲ ಅಂತ ಅರ್ಥವಲ್ಲ.

ಪ್ಲೇ ಸ್ಟೋರ್‌ಗೆ ಹಾಕುವ ಮಾತು. ನೇರ ಎಸ್ಸೆಮ್ಮೆಸ್ ಕಳಿಸುವ ಪರ್ಮಿಷನ್ ಇಟ್ಟುಕೊಂಡು ಹೋದರೆ ಕಷ್ಟ. 2018ರ ಅಕ್ಟೋಬರಿನಲ್ಲಿ ಗೂಗಲ್ ಎಸ್ಸೆಮ್ಮೆಸ್ ಮತ್ತು ಕಾಲ್ ಲಾಗ್ ಪರ್ಮಿಷನ್‌ಗಳನ್ನು ಬಿಗಿ ಮಾಡಿತು. ಫೋನಿನ ಮುಖ್ಯ ಮೆಸೇಜ್ ಆ್ಯಪ್ ಅಲ್ಲದವರಿಗೆ, ಕೆಲವು ವಿನಾಯಿತಿ ಬಿಟ್ಟರೆ, ಅದು ಸಿಗುವುದಿಲ್ಲ. ‘ಆಕ್ಷನ್ ಸೆಂಡ್ ಟು’ ದಾರಿಗೆ ಈ ತಕರಾರೇ ಇಲ್ಲ. 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಖಾತೆಯಾದರೆ, ಬಿಡುಗಡೆಗೆ ಮೊದಲು 12 ಜನ 14 ದಿನ ಬಿಡದೆ ಪರೀಕ್ಷೆಯ ಪಟ್ಟಿಯಲ್ಲಿರಬೇಕು. ಹನ್ನೆರಡು ಜನ ಸಿಗುವುದು ಕಷ್ಟವಲ್ಲ, ನೆಂಟರನ್ನು ಹಿಡಿಯಿರಿ. ಅವರೆಲ್ಲ ಹದಿನಾಲ್ಕು ದಿನ ಉಳಿಯುವುದು ಕಷ್ಟ. ಅಪ್ಪನ ಒಂದೇ ಫೋನಿಗೆ ಸಾಕು ಅಂದರೆ ಪ್ಲೇ ಸ್ಟೋರ್ ಬೇಡ, ಯುಎಸ್‌ಬಿ ವೈರ್ ಸಿಕ್ಕಿಸಿ ಆಂಡ್ರಾಯ್ಡ್ ಸ್ಟುಡಿಯೋದಿಂದಲೇ ಹಾಕಿ. ಆ್ಯಪ್ ಇನ್‌ಸ್ಟಾಲ್ ಮಾಡುವ ಎಪಿಕೆ ಫೈಲನ್ನು ವಾಟ್ಸಾಪ್‌ನಲ್ಲಿ ಊರಿಗೆಲ್ಲ ಹಂಚಬೇಡಿ. ಮದುವೆ ಕಾಗದ ಅಂತಲೋ ಗಾಡಿ ದಂಡದ ಚಲನ್ ಅಂತಲೋ ಎಪಿಕೆ ಕಳಿಸಿ ಖಾತೆ ಖಾಲಿ ಮಾಡುವ ಕಾಲ ಇದು. ‘ಎಪಿಕೆ ಬಂದರೆ ಮುಟ್ಟಬೇಡಿ’ ಅಂತ ಅಪ್ಪನಿಗೆ ಹೇಳಿಕೊಟ್ಟವರೂ ನೀವೇ ಇರಬೇಕು, ಅಲ್ವಾ?

ಪಕ್ಕದ ತೋಟದವರಲ್ಲಿ ಯಾರಾದರೂ ಐಫೋನ್ ಇಟ್ಟುಕೊಂಡಿದ್ದರೆ ಈ ಕೋಡ್ ಅಲ್ಲಿ ಓಡುವುದಿಲ್ಲ. ಅಲ್ಲಿ ಚೀಟಿಯ ಬದಲು ಯುಆರ್‌ಎಲ್ ಸ್ಕೀಮ್, ಅಂದರೆ ಲಿಂಕ್ ಮೂಲಕ ಇನ್ನೊಂದು ಆ್ಯಪ್ ತೆರೆಯುವ ದಾರಿ. ಕರೆಗೆ ಮೊದಲು ಅದು ಕೇಳಿಯೇ ಕೇಳುತ್ತದೆ, ಎಸ್ಸೆಮ್ಮೆಸ್ ನೇರ ಕಳಿಸಲು ಬಿಡುವುದೇ ಇಲ್ಲ. ಅವರಿಗೆ ಐಫೋನಿನ ಶಾರ್ಟ್‌ಕಟ್ಸ್ ಆ್ಯಪ್ ತೋರಿಸಿ ಸಾಕು.

ಮುಂದಿನ ಸಲ ಊರಿಗೆ ಹೋದಾಗ ಕ್ವೆರೀಸ್ ಸೇರಿಸುವುದು, ಕ್ಯಾಮೆರಾ ಸಾಲು ಅಳಿಸುವುದು, 112ನ್ನು ಡಯಲ್‌ಗೆ ತಿರುಗಿಸುವುದು, ಈ ಮೂರೂ ಅರ್ಧ ಗಂಟೆಯ ಕೆಲಸ. ಮೋಟರ್ ಬಟನ್ನನ್ನು ಮಾತ್ರ ಜಗಲಿಯಲ್ಲಿ ಕೂತು ಪರೀಕ್ಷಿಸಬೇಡಿ. ಸ್ಪ್ರಿಂಕ್ಲರ್ ಕಾಲ ಶುರುವಾಗುವ ಮೊದಲು ಫೋನನ್ನು ಅಪ್ಪನ ಕೈಗೆ ಕೊಟ್ಟು ನೀವು ಹೊಳೆ ಬದಿಗೆ ಹೋಗಿ. ಸ್ಟಾರ್ಟರಿನ ಪವರ್ ತೆಗೆದು ಅವರಿಗೆ ಒತ್ತಲು ಹೇಳಿ, ಹತ್ತು ನಿಮಿಷ ಬಿಟ್ಟು ಪವರ್ ಹಾಕಿ, ಏನಾಗುತ್ತದೆ ನೋಡಿ. ಸ್ಟಾರ್ಟರ್ ಜೊತೆ ಬಂದ ಪುಸ್ತಕದಲ್ಲಿ ‘ಸ್ಟೇಟಸ್’ ಕೇಳುವ ಸಂದೇಶ ಇದ್ದರೆ, ಆನ್ ಬಟನ್‌ಗಿಂತ ಮೇಲೆ ಅದಕ್ಕೊಂದು ಬಟನ್ ಇಡಿ.